ಏರಿತು, ಏರಿತ್ತು, ಏರಿದೆ

ಇಂಗ್ಲಿಷ್ ಪ್ರಶ್ನಪತ್ರಿಕೆಯಲ್ಲಿ ಒಂದು ಗ್ರಾಫನ್ನು ಕೊಟ್ಟು, ಅದನ್ನು ವಾಕ್ಯಗಳಲ್ಲಿ ವಿವರಿಸಿರೆಂದು ಕೇಳುವುದುಂಟು. ಲೆಕ್ಕದಲ್ಲಿ ಜಾಣರಾದ ಮಕ್ಕಳೂ ಅಲ್ಲಿ ಲೇಖನಿ ಕಚ್ಚುತ್ತ ಕುಳಿತುಬಿಡುತ್ತಾರೆ. ಗೆರೆ ಏರಿದುದು ಅವರಿಗೆ ಕಾಣದೆ ಇಲ್ಲ; ಅದನ್ನು ಯಾವ ಕಾಲದಲ್ಲಿ ಹೇಳಬೇಕೆಂಬುದೇ ತೊಡಕು. ಕನ್ನಡ ಮಾಧ್ಯಮದವರಿಗೆ ಇಂಗ್ಲಿಷ್ ಹತ್ತದೆಂದು ಆಡಿಕೊಳ್ಳುವವರು ಈ ನಗರದಲ್ಲಿ ಸಾಕಷ್ಟು ಮಂದಿ ಇದ್ದಾರೆ. ಕನ್ನಡದಲ್ಲಿಯೇ ಮೆಟ್ರಿಕ್ ಮುಗಿಸಿ ಊರು ಬಿಟ್ಟು ಬಂದ ನಮಗೆ ಆ ಮಾತು ಹೊಸದಲ್ಲ, ರುಚಿಸುವುದೂ ಇಲ್ಲ.

ಆದುದರಿಂದ ನಾವು ಮುಂಬಯಿಯ ಜನಸಂಖ್ಯೆಯನ್ನೇ ಕರಿಹಲಗೆಯ ಮೇಲೆ ಬರೆಯುತ್ತೇವೆ. ಬೃಹನ್ಮುಂಬಯಿಯಲ್ಲಿ 1951ರಲ್ಲಿ ಸುಮಾರು 30 ಲಕ್ಷ, 1981ರಲ್ಲಿ 82 ಲಕ್ಷ, 2001ರಲ್ಲಿ 120 ಲಕ್ಷ, 2011ರಲ್ಲಿ 124 ಲಕ್ಷ. (ಈ ಏರಿಕೆಯಲ್ಲಿ ನಮ್ಮವರ ಪಾಲೂ ಉಂಟೆಂದಾಗ ಹಿಂದಿನ ಬೆಂಚಿನವರೂ ತಲೆಯೆತ್ತುತ್ತಾರೆ.) 1951ರಿಂದ 1981ರವರೆಗೆ ‘ಏರಿತು’ ಎಂದರೆ ಕಾಲವೂ ಮುಗಿಯಿತು, ಕೆಲಸವೂ ಮುಗಿಯಿತು, ಅದು ‘ರೋಸ್’. 1981ರ ಹೊತ್ತಿಗೆ 80 ಲಕ್ಷವನ್ನು ‘ದಾಟಿತ್ತು’ ಎಂದರೆ ‘ಹ್ಯಾಡ್ ಕ್ರಾಸ್ಡ್’. ನಮ್ಮ ‘ಹೊತ್ತಿಗೆ’ ಎಂಬುದೇ ಅವರ ‘ಬೈ’. ಗೆರೆಯು ಇಂದಿನ ದಿನವನ್ನು ಮುಟ್ಟಿದ್ದರೆ ಮಾತ್ರ ‘ಏರಿದೆ’, ‘ಹ್ಯಾಸ್ ರಿಸನ್’. ಅಪ್ಪ ಬಂದರು, ಬಂದಿದ್ದರು, ಬಂದಿದ್ದಾರೆ ಎಂಬ ಮಾತುಗಳ ಭೇದವನ್ನು ಯಾವ ಮಗುವಿಗೆ ಕಲಿಸಬೇಕಾಗಿದೆ?

ಹಾಗೆಂದು ಎಲ್ಲವೂ ಹೊಂದುವುದಿಲ್ಲ. ‘ನಿನ್ನೆ ಬಂದಿದ್ದಾನೆ’ ಎಂದರೆ ಕನ್ನಡ ಒಪ್ಪುತ್ತದೆ. ಇಂಗ್ಲಿಷಿನಲ್ಲಿ ‘ಯೆಸ್ಟರ್‌ಡೇ’ ಇದ್ದೆಡೆ ‘ಹ್ಯಾಸ್’ಗೆ ಪ್ರವೇಶವಿಲ್ಲ. ಇದಕ್ಕಿಂತ ದೊಡ್ಡ ತೊಡಕು ನಮ್ಮ ‘ಇಂದ’ ಪ್ರತ್ಯಯದ್ದು. ‘ಹತ್ತು ವರ್ಷದಿಂದ ಇಲ್ಲಿದ್ದೇವೆ’ ಎಂಬುದು ಇಲ್ಲಿ ನೆಲಸಿದ ನಮ್ಮವರ ಮನೆಮನೆಯ ವಾಕ್ಯ. ಕನ್ನಡಕ್ಕೆ ‘ಇದ್ದೇವೆ’ ಸಾಕು. ಇಂಗ್ಲಿಷ್ ‘ಹ್ಯಾವ್ ಬೀನ್’ ಎಂದೇ ಹಟ ಹಿಡಿಯುತ್ತದೆ. ಮಕ್ಕಳು ‘ಸಿನ್ಸ್ ಟೆನ್ ಇಯರ್ಸ್’ ಎಂದು ಬರೆಯುವುದೂ ಈ ‘ಇಂದ’ದ ಕೃಪೆಯಿಂದಲೇ. ಇದಕ್ಕೆ ಗ್ರಾಫೇ ಮದ್ದು. ಅಡ್ಡಗೆರೆಯ ಮೇಲಿನ ಒಂದು ಚುಕ್ಕೆಯನ್ನು ಮುಟ್ಟಿ ತೋರಿಸಿದರೆ ‘ಸಿನ್ಸ್’. ಎರಡು ಚುಕ್ಕೆಗಳ ನಡುವಣ ದೂರವನ್ನು ಗೇಣಿನಿಂದ ಅಳೆದರೆ ‘ಫಾರ್’. ವ್ಯಾಕರಣದ ಹತ್ತು ಸೂತ್ರಗಳು ಮಾಡದ ಕೆಲಸವನ್ನು ಆ ಗೇಣು ಮಾಡುತ್ತದೆ.

ನಮ್ಮ ಹಲಗೆಯ ಗೆರೆ 2011ಕ್ಕೇ ನಿಲ್ಲುತ್ತದೆ. 2021ರಲ್ಲಿ ನಡೆಯಬೇಕಾಗಿದ್ದ ಜನಗಣತಿ ಆ ವರ್ಷ ನಡೆಯಲಿಲ್ಲ. ಹೀಗಿರಲು ‘ಹ್ಯಾಸ್ ರಿಸನ್’ ಎಂದು ಬರೆಯುವ ಅಧಿಕಾರ ನಮಗಿಲ್ಲ. ಊಹೆ ಎಷ್ಟೇ ಬಲವಾಗಿರಲಿ, ಗೆರೆ ಇರುವಷ್ಟಕ್ಕೇ ಮಾತು.

ಕೊಲಾಬಾದಿಂದ ಮಾಹೀಮಿನವರೆಗಿನ ದ್ವೀಪನಗರದ ಗೆರೆಯನ್ನೂ ಒಮ್ಮೆ ಎಳೆದೆವು. 2001ರಲ್ಲಿ 33 ಲಕ್ಷಕ್ಕೆ ಮಿಕ್ಕಿದ್ದುದು 2011ರಲ್ಲಿ 31 ಲಕ್ಷಕ್ಕೂ ಕಡಿಮೆ. ಇದನ್ನು ಕನ್ನಡದಲ್ಲಿ ಹೇಗೆ ಹೇಳುವಿರಿ ಎಂದು ಕೇಳಿದೆವು. ಲಾಲಬಾಗಿನ ಹುಡುಗನೊಬ್ಬ ಎದ್ದು, “ನಮ್ಮ ಅಜ್ಜನ ಚಾಳಿನವರು ವಸಯಿಗೆ ಹೋದರು, ಸರ್” ಎಂದ. ಉತ್ತರ ಗ್ರಾಫಿನದಲ್ಲ, ಆದರೆ ಕಾಲ ಸರಿಯಾಗಿತ್ತು.