ಅಂಗೈಯಗಲದ ದಾರಿ

ಅಗರ್ತಲಾಕ್ಕೆ ಹೋದವರು ಉಜ್ಜಯಂತ ಅರಮನೆ ನೋಡಿ ಬರುತ್ತಾರೆ. ನಾನೂ ನೋಡಿದೆ, ಚೆಂದವಿದೆ. ಆದರೆ ನಾನು ಬಾಯಿ ಬಿಟ್ಟು ನಿಂತದ್ದು ಅಲ್ಲಲ್ಲ, ಸೆಕೆಯಲ್ಲಿ ಬೇಯುತ್ತಿದ್ದ ಒಂದು ಜಿಮ್ನಾಸ್ಟಿಕ್ಸ್ ಹಾಲ್‌ನಲ್ಲಿ.

ಅಲ್ಲಿದ್ದ ಬ್ಯಾಲೆನ್ಸ್ ಬೀಮ್ 5 ಮೀಟರ್ ಉದ್ದ, 125 ಸೆಂ.ಮೀ. ಎತ್ತರ. ಅಗಲ ಮಾತ್ರ 10 ಸೆಂ.ಮೀ. ಅಡಿಕೆ ಮರದ ಸಂಕ ದಾಟಿ ಶಾಲೆಗೆ ಹೋದವನು ನಾನು, ಇದೇನು ಮಹಾ ಅಂದುಕೊಂಡೆ. ಸಂಕದ ಮೇಲೆ ಯಾರೂ ಲಾಗ ಹಾಕುವುದಿಲ್ಲ ಎನ್ನುವುದು ಆಮೇಲೆ ಹೊಳೆಯಿತು.

ಬೀಮಿನ ಮೇಲೆ ಒಬ್ಬ ಹುಡುಗಿ, ಎಂಟು ವರ್ಷದವಳಿರಬೇಕು, ಒಂಟಿಗಾಲಲ್ಲಿ ತಿರುಗಿ ನಿಂತಳು. ದೂರಕ್ಕೆ ಗುಡಿಯ ವಿಗ್ರಹದಂತೆ ಕಂಡಳು. ಹತ್ತಿರ ಹೋದರೆ ಆ ಪಾದಕ್ಕೆ ಒಂದು ಗಳಿಗೆಯೂ ಬಿಡುವಿಲ್ಲ! ಕಿರುಬೆರಳು ಒತ್ತುತ್ತದೆ, ಹಿಮ್ಮಡಿ ಸಡಿಲವಾಗುತ್ತದೆ, ಕಣಕಾಲಿನ ಸ್ನಾಯು ಮಿಡುಕುತ್ತದೆ. ನಿಲ್ಲುವುದೆಂದರೆ ಸುಮ್ಮನಿರುವುದು ಎಂದು ಈ ವಯಸ್ಸಿನವರೆಗೆ ನಂಬಿದ್ದೆನಲ್ಲ! ತಲೆ ಹೊರಳಿದ್ದನ್ನು ಒಳಕಿವಿಯ ಮೂರು ನಾಳಗಳ ದ್ರವ ಹೇಳುತ್ತದೆ, ಮೈ ವಾಲಿದ್ದನ್ನು ಅಂಗಾಲು, ಕೀಲುಗಳು ಹೇಳುತ್ತವೆ. ಕಣ್ಣು ಬೀಮಿನ ತುದಿಗೇ ಅಂಟಿಕೊಂಡಿರುತ್ತದೆ. ಇವನ್ನೆಲ್ಲ ಕೂಡಿಸಿ ಲೆಕ್ಕ ಹಾಕುವಲ್ಲಿ ದೊಡ್ಡ ಪಾಲು ಕಿರುಮೆದುಳಿನದು. ಅದು ಎಣಿಸಿದ್ದಕ್ಕೂ ಆದದ್ದಕ್ಕೂ ಎಷ್ಟು ಅಂತರ ಬಿತ್ತೆಂದು ನೋಡಿ ಮುಂದಿನ ಸಲಕ್ಕೆ ತಿದ್ದಿಕೊಳ್ಳುತ್ತದೆ. ಹುಡುಗಿ ಧೊಪ್ಪೆಂದು ಮ್ಯಾಟ್ ಮೇಲೆ ಬಿದ್ದಳು. ತರಬೇತುದಾರರು ಬೈಯಲಿಲ್ಲ, ಹೊಗಳಲೂ ಇಲ್ಲ. "ಆಬಾರ್" ಅಂದರು. ಬಂಗಾಳಿಯಲ್ಲಿ ಇನ್ನೊಮ್ಮೆ ಅಂತ. ಆ ಮಧ್ಯಾಹ್ನ ನನ್ನ ಕಿವಿಗೆ ಅತಿ ಹೆಚ್ಚು ಬಿದ್ದ ಪದ ಅದೇ.

ಜಿಮ್ನಾಸ್ಟ್ ದೀಪಾ ಕರ್ಮಾಕರ್ ಇದೇ ಊರಿನವರು. ಮಕ್ಕಳ ಬಾಯಲ್ಲಿ ದೀಪಾದಿ, ಅಂದರೆ ದೀಪಕ್ಕ. ಹುಟ್ಟಾ ಚಪ್ಪಟೆ ಪಾದ, ನೆಗೆಯುವವರಿಗೆ ಅದಕ್ಕಿಂತ ತೊಡಕು ಬೇಕೆ? ಬಿಶ್ವೇಶ್ವರ್ ನಂದಿಯವರ ಕೈಕೆಳಗೆ ಪಳಗಿ, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಗಾಳಿಯಲ್ಲೇ ಮುಂದಕ್ಕೆ ಎರಡು ಲಾಗ ಹಾಕುವ ಪ್ರೊಡುನೊವಾ ವಾಲ್ಟ್ ಮಾಡಿದರು. 15.066 ಅಂಕ, ನಾಲ್ಕನೇ ಸ್ಥಾನ. ಕಂಚಿಗೆ ಕೊರತೆಯಾದದ್ದು 0.150. ಆ ದಶಮಾಂಶ ನೆನೆದರೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.

ಹೊರಡುವ ಮುಂಚೆ ಆಸೆ ತಡೆಯಲಿಲ್ಲ. ಬೀಮ್ ಹತ್ತುವ ಧೈರ್ಯವಂತೂ ಇರಲಿಲ್ಲ. ನೆಲದ ಮೇಲೆ ಎಳೆದಿದ್ದ ಸುಣ್ಣದ ಗೆರೆಯ ಮೇಲೆ ಒಂಟಿಗಾಲಲ್ಲಿ ನಿಂತು ಕಣ್ಣು ಮುಚ್ಚಿದೆ. ಮೂರು ಎಣಿಸುವುದರೊಳಗೆ ಗೋಡೆ ಹಿಡಿದಿದ್ದೆ. ಹಿಂದಿನಿಂದ ಕಿಲಕಿಲ ನಗು, ಚಿಕ್ಕಪ್ಪನನ್ನು ಕರೆಯುವಂಥ ದನಿ.

"ಆಬಾರ್, ಕಾಕು!"

ಕಾಲುಚೀಲ ಕಳಚಿಟ್ಟೆ.