ಕೂಗುವ ಕಡ್ಡಿ

ಬೆಳ್ಳಟ್ಟಿಯ ನಮ್ಮ ಹೊಲದಲ್ಲಿ ಶೇಂಗಾ ಬಡಿಯುವಾಗ ಅವ್ವನ ಒಂದು ಬೆಂಡೋಲೆ ಕಳಚಿ ಬಿತ್ತು. ಅಪ್ಪ ಮಾಡಿಸಿಕೊಟ್ಟದ್ದು, ಅಪ್ಪ ಈಗಿಲ್ಲ. ಬಿದ್ದದ್ದು ಬೇವಿನ ಗಿಡದ ಬುಡದಲ್ಲೇ ಎಂದು ಅವಳಿಗೆ ಖಾತ್ರಿ. ಜರಡಿ ಹಿಡಿದೆವು, ಸಿಗಲಿಲ್ಲ. ಅಯಸ್ಕಾಂತಕ್ಕೆ ಬಂಗಾರ ಅಂಟುವುದಿಲ್ಲ.

ಹುಬ್ಬಳ್ಳಿಗೆ ಹೋಗಿ ಲೋಹ ಹುಡುಕುವ ಕೈಕಡ್ಡಿ ವಿಚಾರಿಸಿದೆ. ವಿಮಾನ ನಿಲ್ದಾಣದಲ್ಲಿ ಮೈಮೇಲೆ ಆಡಿಸುತ್ತಾರಲ್ಲ, ಅದು ಅಗಲಕ್ಕೆಲ್ಲ ಕೂಗುತ್ತದೆ. ನನಗೆ ಬೇಕಾದದ್ದು ಗಜ್ಜರಿಯಂಥದು. ತುದಿಯಿಂದ ಎರಡು ಮೂರು ಬೆರಳು ದೂರದ ಲೋಹಕ್ಕಷ್ಟೇ ಕೂಗಿ ‘ಇಲ್ಲೇ’ ಎನ್ನುವಂಥದು. ಕಬ್ಬಿಣಕ್ಕೆ ಬೇರೆ ದನಿ ತೆಗೆಯುವ ಕಡ್ಡಿಗೆ ಬೆಲೆ ಹೆಚ್ಚು. ಎಲ್ಲಕ್ಕೂ ಒಂದೇ ದನಿಯದನ್ನು ತಂದೆ.

ಕಪ್ಪತಗುಡ್ಡದ ಹಳ್ಳಗಳಲ್ಲಿ ಜಲಗಾರರು ಮರಳು ತೊಳೆದು ಹೊನ್ನಿನ ಕಣ ಹೆಕ್ಕುತ್ತಿದ್ದ ಸೀಮೆ ನಮ್ಮದು. ಕಡ್ಡಿ ಕೂಗಿದ್ದೇ ತಡ, ಜನ ನೆರೆದರು.

“ನಿಧಿ ಹತ್ತೇತೇನ್ರಿ?”

“ಹತ್ತಿದ್ರ ನಮಗಲ್ರಿ. 1962ರ ಕಾಯ್ದೆ ಪ್ರಕಾರ ಡಿಸಿ ಸಾಹೇಬ್ರಿಗೆ ತಿಳಿಸಬೇಕು” ಎಂದೆ. ಜನ ಕರಗಿದರು.

ಕೆಂಪು ಮಣ್ಣು ಪದರ ಪದರವಾಗಿ ತೆಗೆದೆ. ಎತ್ತಿನ ಲಾಳ, ಮೊಳೆ, ಮತ್ತೆ ಮೊಳೆ. ಮೂರನೆಯ ದಿನ ತುಕ್ಕು ಹಿಡಿದ ಅಡಕತ್ತರಿ. ಅವ್ವ ಸೆರಗಿನಿಂದ ಒರೆಸಿದಳು.

“ನಿಮ್ಮಪ್ಪಂದು. ಎಷ್ಟು ಹುಡುಕಿದ್ದ!”

ದುಬಾರಿ ಕಡ್ಡಿ ತಂದಿದ್ದರೆ ಕಬ್ಬಿಣವೆಂದು ಬಿಟ್ಟು ಮುಂದೆ ಹೋಗುತ್ತಿದ್ದೆ. ಬೆಂಡೋಲೆ ಇನ್ನೂ ಸಿಕ್ಕಿಲ್ಲ. ಸಂಜೆಯಾಯಿತೆಂದು ಕಡ್ಡಿ ಆರಿಸಿದೆ.

“ಇನ್ನೊಂದೀಟು ನೋಡೋ ತಮ್ಮಾ” ಎಂದಳು ಅವ್ವ, ಕೈಯಲ್ಲಿ ಅಡಕತ್ತರಿ ಹಿಡಿದುಕೊಂಡೇ.