ಬಾಯಿಯ ಗಾಯ, ಕಾಲಿನ ಗಾಯ

ಊಟದ ನಡುವೆ ನಾಲಿಗೆ ಕಚ್ಚಿಕೊಂಡರೆ ‘ಯಾರೋ ಬೈದುಕೊಳ್ಳುತ್ತಿದ್ದಾರೆ’ ಎನ್ನುತ್ತೇವೆ. ಎರಡು ದಿನ ಹುಳಿ, ಖಾರ ತಾಕಿದರೆ ಉರಿ. ಆಮೇಲೆ ಬೈದವರು ಯಾರೆಂಬುದೂ ಮರೆತುಹೋಗುತ್ತದೆ, ಗಾಯವೂ ಮರೆತುಹೋಗುತ್ತದೆ. ಕಲೆ ಕೂಡ ಉಳಿಯುವುದಿಲ್ಲ. ಮೊಣಕಾಲಿನ ಕಥೆಯೇ ಬೇರೆ. ಕುಂಟೆಬಿಲ್ಲೆ ಆಡುವಾಗ ಬಿದ್ದ ಗುರುತು ಐವತ್ತು ದಾಟಿದರೂ ಹಾಗೇ ಇರುತ್ತದೆ.

ಇದನ್ನು ನಾನು ಯೋಚಿಸುವಂತಾದದ್ದು ಬದನಗುಪ್ಪೆಯಲ್ಲಿರುವ ನಮ್ಮಕ್ಕನಿಂದ. ಹದಿನಾಲ್ಕು ವರ್ಷದಿಂದ ಅವಳಿಗೆ ಸಕ್ಕರೆ ಕಾಯಿಲೆ. ಆದರೂ ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ಬರಿಗಾಲಲ್ಲಿ ನಡೆಯುವುದನ್ನು ಬಿಟ್ಟವಳಲ್ಲ. ಹೋದ ವರ್ಷ ಅಂಗಾಲಿಗೆ ಚುಚ್ಚಿದ ಜಾಲಿಮುಳ್ಳು ಅವಳಿಗೆ ಗೊತ್ತೇ ಆಗಲಿಲ್ಲ. ನೆಲದ ಮೇಲೆ ಹಸಿ ಗುರುತು ಕಂಡು ಸೊಸೆ ಕೇಳಿದಾಗಲೇ ತಿಳಿದದ್ದು. ಕೀವಾಗಿ ಕಿರುಬೆರಳನ್ನು ತೆಗೆಯಬೇಕಾಯಿತು. ಉಳಿದ ಗಾಯ ತಿಂಗಳುಗಟ್ಟಲೆ ಬಾಯಿ ತೆರೆದುಕೊಂಡೇ ಇತ್ತು.

ಆಗ ಅವಳ ಮಗ ಒಂದು ಸುದ್ದಿ ತಂದ. ದೂರದ ಪಟ್ಟಣದಲ್ಲಿ ಯಾರೋ ‘ಸ್ಟೆಮ್ ಸೆಲ್’ ಹಾಕಿ ಎಂಥ ಗಾಯವನ್ನೂ ವಾಸಿಮಾಡುತ್ತಾರಂತೆ, ಖರ್ಚು ಲಕ್ಷಗಳಲ್ಲಂತೆ. ಇರುವ ಒಂದೆಕರೆ ಜಮೀನನ್ನು ಅಡವಿಡಲು ಅವನು ಸಿದ್ಧನಾಗಿದ್ದ.

ನಾನು ಕನ್ನಡ, ಸಮಾಜ ಹೇಳಿಕೊಡುವವಳು. ಶಾಲೆಯ ವಿಜ್ಞಾನದ ಮೇಡಂ ಜೊತೆ ಕೂತು ಓದಿದೆ. ಬೇರೆ ಬೇರೆ ಬಗೆಯ ಜೀವಕೋಶಗಳಾಗಿ ಬೆಳೆಯಬಲ್ಲ, ಸುತ್ತಲ ಕೋಶಗಳಿಗೆ ರಿಪೇರಿಯ ಸೂಚನೆ ಕೊಡಬಲ್ಲ ಮೂಲಕೋಶಗಳೇ ಸ್ಟೆಮ್ ಸೆಲ್, ಅಂದರೆ ಆಕರಕೋಶಗಳು. ಇವು ನಮ್ಮ ವಸಡಿನಲ್ಲೂ ಇವೆಯೆಂದು 2009ರಲ್ಲಿ ವಿಜ್ಞಾನಿಗಳು ತೋರಿಸಿದರು. 2018ರಲ್ಲಿ ಅಮೆರಿಕದಲ್ಲಿ, ಒಪ್ಪಿ ಬಂದವರ ಬಾಯಲ್ಲೂ ತೋಳಲ್ಲೂ ಪುಟ್ಟ ಗಾಯ ಮಾಡಿ ಹೋಲಿಸಿದರು. ಬಾಯಿಯದು ಬೇಗ ಮಾಯಿತು. ಗಾಯವಾಗುವ ಮೊದಲೇ ಅಲ್ಲಿನ ಕೋಶಗಳು ರಿಪೇರಿಗೆ ಸಿದ್ಧವಾಗಿ ನಿಂತಿರುತ್ತವಂತೆ, ನೆಂಟರು ಬರುವ ಮುಂಚೆಯೇ ಒಲೆ ಹಚ್ಚಿಟ್ಟ ಗೃಹಿಣಿಯ ಹಾಗೆ.

ನನಗೆ ಬಹಳ ಹಿಡಿಸಿದ್ದು 2017ರ ಒಂದು ಪ್ರಯೋಗ. ಚೀನಾದವರು ವಸಡಿನ ಆಕರಕೋಶಗಳು ಹೊರಬಿಡುವ ಅತಿಸಣ್ಣ ಚೀಲಗಳನ್ನು ರೇಷ್ಮೆ ಮತ್ತು ಕೈಟೋಸಾನ್ ಸೇರಿಸಿ ಮಾಡಿದ ಮೆತ್ತನೆಯ ಸ್ಪಂಜಿನಲ್ಲಿಟ್ಟು, ಸಕ್ಕರೆ ಕಾಯಿಲೆಯ ಇಲಿಗಳ ಗಾಯಕ್ಕೆ ಹಚ್ಚಿದರು. ಗಾಯ ಬೇಗ ಕೂಡಿತು. ರೇಷ್ಮೆ! ನಮ್ಮ ಸೀಮೆಯಲ್ಲಿ ಮನೆಮನೆಯಲ್ಲಿ ಬೆಳೆದ ರೇಷ್ಮೆ! ಹುಳು ಸಾಕಿ ಮಕ್ಕಳನ್ನು ಓದಿಸಿದ ಅಕ್ಕನಿಗೆ ಇದನ್ನು ಹೇಳಿದೆ.

“ಹುಳ ಸಾಕ್ದೋಳು ನಾನು. ನಂಗಿಂತ ಮುಂಚ ಇಲಿಗ ಸಿಕ್ತಲ್ಲವ್ವ!” ಎಂದಳು.

ಅವಳು ನಗುತ್ತಾ ಆಡಿದ ಮಾತಿನಲ್ಲೇ ಮುಖ್ಯ ವಿಷಯವಿತ್ತು. ಇಲಿಗೆ ಆದದ್ದು ಮನುಷ್ಯರಿಗೂ ಆಗುತ್ತದೆಂದು ಹೇಳಲಾಗದು. ಬಾಯಿಯ ಕೋಶಗಳಿಂದ ಕಾಲಿನ ಗಾಯ ವಾಸಿಮಾಡುವುದು ಇನ್ನೂ ನಮ್ಮೂರ ಆಸ್ಪತ್ರೆಗೆ ಬಂದಿಲ್ಲ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿ ತಯಾರಿಸಿದ ಔಷಧಿಗೆ 2020ರಲ್ಲಿ ಸರ್ಕಾರದ ಅನುಮತಿ ಸಿಕ್ಕಿದ್ದು ನಿಜ. ಆದರೆ ಅದು ಮೂಳೆಯ ಮಜ್ಜೆಯ ಕೋಶಗಳದ್ದು, ಕಾಲಿನ ರಕ್ತನಾಳ ಕಟ್ಟಿ ತೀವ್ರ ತೊಂದರೆಯಾದವರಿಗೆ. ಅನುಮತಿಯಿಲ್ಲದ ಆಕರಕೋಶ ಚಿಕಿತ್ಸೆಯನ್ನು ಒಪ್ಪಿಗೆ ಪಡೆದ ಪ್ರಯೋಗದ ಹೊರಗೆ ಕೊಡಬಾರದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. “ಅನುಮತಿ ಪತ್ರ ತೋರಿಸಿ ಅಂತ ಕೇಳು ಮಗ” ಎಂದೆ ಹುಡುಗನಿಗೆ. ಫೋನಿನಲ್ಲಿ ಕೇಳಿದ. ಆ ಕಡೆಯಿಂದ ಉತ್ತರ ಬರಲಿಲ್ಲ.

ಆಮೇಲೆ ಆದದ್ದೆಲ್ಲ ಸಾದಾ ಕೆಲಸ. ಸಕ್ಕರೆ ಹತೋಟಿಗೆ ತರುವುದು, ಸತ್ತ ಚರ್ಮ ತೆಗೆಸುವುದು, ತಪ್ಪದೆ ಡ್ರೆಸ್ಸಿಂಗ್, ಗಾಯದ ಮೇಲೆ ಭಾರ ಬೀಳದಂತೆ ಡಾಕ್ಟರು ಹೇಳಿದ ಪಾದರಕ್ಷೆ. ಇದನ್ನು ಯಾರೂ ಪವಾಡ ಎನ್ನುವುದಿಲ್ಲ. ಗಾಯ ಈಗ ಎಂಟಾಣೆಯಷ್ಟಾಗಿದೆ, ಪೂರ್ತಿ ಮುಚ್ಚಿಲ್ಲ. ಜಮೀನಿನ ಪತ್ರ ಪೆಟ್ಟಿಗೆಯಲ್ಲೇ ಇದೆ.

ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ ಎಂದು 2023ರಲ್ಲಿ ಪ್ರಕಟವಾದ ಸಮೀಕ್ಷೆ ಹೇಳಿತು. ನಿಮ್ಮ ಮನೆಯಲ್ಲೂ ಒಬ್ಬರಿರಬಹುದು, ಅದು ನೀವೇ ಇರಬಹುದು. ಎಲ್ಲರ ಊಟ, ಪಾತ್ರೆ ಮುಗಿಸಿ ಮಲಗುವ ಹೆಂಗಸು ತನ್ನ ಅಂಗಾಲನ್ನು ನೋಡಿಕೊಳ್ಳುವುದು ಯಾವಾಗ? ಅಕ್ಕನಿಗೆ ಒಂದು ಕೈಗನ್ನಡಿ ಕೊಟ್ಟಿದ್ದೇನೆ. ರಾತ್ರಿ ಹಾಸಿಗೆಯ ಮೇಲೆ ಕೂತು ಅದನ್ನು ಪಾದದ ಕೆಳಗೆ ಹಿಡಿದು ನೋಡುತ್ತಾಳೆ. ಬರುವ ಶಿವರಾತ್ರಿಗೆ ಬೆಟ್ಟಕ್ಕೆ ಬಸ್ಸಿನಲ್ಲಿ ಹೋಗಲು ಒಪ್ಪಿದ್ದಾಳೆ, ನಾನೂ ಜೊತೆಗೆ ಬಂದರೆ ಮಾತ್ರ.